ಎಲ್ಲವೂ ಎಡ ತೋಳು

ಅಂಗಡಿಯ ಕಟಿಂಗ್ ಮೇಜಿನಿಂದ,
ಡಿಸೆಂಬರ್ ೨೭, ಬೆಳಗ್ಗೆ

ಪ್ರೀತಿಯ ಅಮ್ಮಾ,

ಸೊಂಟ ಹೇಗಿದೆ? ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತೀಯಂತೆ, ಅಣ್ಣ ಹೇಳಿದ. ನಡೆಯುವುದಕ್ಕಿಂತ ಹೆಚ್ಚಾಗಿ ಅತ್ತಿಗೆಗೆ ಅಡುಗೆಮನೆಯಲ್ಲಿ ತಪ್ಪು ತೋರಿಸುವುದಕ್ಕೆ ಆ ಕೋಲು ಕೆಲಸಕ್ಕೆ ಬರುತ್ತಿದೆ ಎಂದೂ ಹೇಳಿದ. ಪಾಪ ಅತ್ತಿಗೆ, ಅವಳಿಗೆ ಸ್ವಲ್ಪ ಉಸಿರಾಡಲು ಬಿಡು. ಮಾತ್ರೆಗಳನ್ನು ನುಂಗಿದಂತೆ ನಟಿಸಿ ದಿಂಬಿನ ಕೆಳಗೆ ತಳ್ಳಬೇಡ, ಆ ವಿದ್ಯೆ ಈಗ ಅಣ್ಣನಿಗೂ ಗೊತ್ತಾಗಿದೆ. ನಾನು ಚೆನ್ನಾಗಿದ್ದೇನೆ. ಇದನ್ನು ವಾಡಿಕೆಗೆ ಬರೆದದ್ದು ಎಂದು ದಾಟಿಕೊಂಡು ಹೋಗಬೇಡ, ನಿಜವಾಗಿಯೂ ಚೆನ್ನಾಗಿದ್ದೇನೆ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಾದರೆ ನೀನು ಎರಡನೇ ಮಾತಿಗೇ ಬಾಯಿ ಹಾಕುತ್ತೀ.

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ನೀನು ತೀರ್ಪು ಕೊಟ್ಟೆಯಲ್ಲ, "ನಿನ್ ಕೈಲಿ ಕಟಿಂಗ್ ಆಗಲ್ಲ ಕಣೇ, ಹೊಸ ವರ್ಷಕ್ಕೆ ಅಂಗಡಿ ಬಿಟ್ಟುಬಿಡೋಣ" ಅಂತ. ನನಗೆ ಕೆಟ್ಟ ಕೋಪ ಬಂತು. ಯಾಕೆಂದರೆ ನೀನು ಹೇಳಿದ್ದು ನಿಜ. ಇಷ್ಟು ವರ್ಷ ನೀನು ಕತ್ತರಿಸಿದೆ, ನಾನು ಹೊಲಿದೆ. ಮಿಷನ್ ಮುಂದೆ ಕೂತರೆ ನನ್ನನ್ನು ಹಿಡಿಯುವವರಿಲ್ಲ. ಅದೇ ಕತ್ತರಿ ಕೈಗೆ ಬಂದರೆ ಎದೆ ಢವಢವ ಹೊಡೆದುಕೊಳ್ಳುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಬಟ್ಟೆ ಕತ್ತರಿಸಿ ತಪ್ಪಿದರೆ ಯಾರ ಮುಖ ನೋಡುವುದು? ನೀನು ಬಿದ್ದ ಮೇಲಂತೂ ಈ ಹೆದರಿಕೆ ಬೇರೆ ರೂಪಕ್ಕೆ ತಿರುಗಿತ್ತು. ಮೇಜಿನ ಹತ್ತಿರ ಹೋದರೆ ಉಸಿರು ಸಿಕ್ಕಿಕೊಳ್ಳುವುದು, ಬೆರಳು ತಣ್ಣಗಾಗುವುದು, ಕಣ್ಣು ಕತ್ತಲೆ ಬರುವುದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ, ಬರೀ ಗಾಬರಿ ಅಂದರು. ಬರೀ ಗಾಬರಿಯಂತೆ! ಅವರು ಒಂದು ದಿನ ಇಟ್ಟುಕೊಂಡು ನೋಡಲಿ.

ಈ ಸ್ಥಿತಿಯಲ್ಲಿ ಕ್ರಿಸ್‌ಮಸ್ಸಿಗೆ ಕೊಡಬೇಕಾದ ಚರ್ಚಿನ ಗಾಯನ ತಂಡದ ನಿಲುವಂಗಿಗಳ ಕೆಲಸ ನನ್ನ ತಲೆಯ ಮೇಲಿತ್ತು. ನೀನೇ ಒಪ್ಪಿಕೊಂಡದ್ದು, ಮೈಭಾಗಗಳನ್ನು ನೀನೇ ಕತ್ತರಿಸಿಟ್ಟು ಬಿದ್ದದ್ದು. ತೋಳುಗಳು, ಕಾಲರುಗಳು, ಎದೆಯ ಪಟ್ಟಿಗಳು ಉಳಿದಿದ್ದವು. ಕಡುನೀಲಿ ಸ್ಯಾಟಿನ್ ನೆನಪಿದೆಯಲ್ಲ, ಒಂದು ಮುಖ ಮಿರಿಮಿರಿ, ಇನ್ನೊಂದು ಮುಖ ಮಂಕು. ನಮ್ಮ ಕಾಜಾ ಅಕ್ಕ ಗುಂಡಿಗೆ ಕಾಜಾ ಹಾಕುತ್ತಾ, "ಒಂದ್ಸಲ ಕತ್ತರಿ ಇಟ್ಬಿಡು, ಆಮೇಲೆ ಅದೇ ಹೋಗುತ್ತೆ" ಎಂದು ದಿನವೂ ಧೈರ್ಯ ಹೇಳುತ್ತಿದ್ದಳು. ಕೊನೆಗೆ ಒಂದು ಬೆಳಗ್ಗೆ ಹಲ್ಲು ಕಚ್ಚಿಕೊಂಡು ನಿಂತೆ. ನೀನು ಯಾವಾಗಲೂ ಬಟ್ಟೆಯನ್ನು ಎರಡಾಗಿ ಮಡಚಿ ಕತ್ತರಿಸುತ್ತಿದ್ದೆ, ಒಂದೇ ಸಲಕ್ಕೆ ಎಡ ಬಲ ಎರಡೂ ಬರುತ್ತಿದ್ದವು. ಸ್ಯಾಟಿನ್ನಿನ ಮಡಿಕೆ ಜಾರಿಬಿಟ್ಟರೆ ಎಂದು ನನಗೆ ಹೆದರಿಕೆ. ಅದಕ್ಕೆ ತುಂಡುಗಳನ್ನು ಬಿಡಿಸಿ, ಮಿರುಗುವ ಮುಖ ಎಲ್ಲವನ್ನೂ ಮೇಲೆ ಮಾಡಿ, ಒಂದರ ಮೇಲೊಂದು ಜೋಡಿಸಿ, ಪಿನ್ನು ಚುಚ್ಚಿ ಭದ್ರ ಮಾಡಿ ಕತ್ತರಿಸಿದೆ. ಎಷ್ಟು ಕಡಿಮೆ ಸಲ ಕತ್ತರಿ ಹಿಡಿದರೆ ಅಷ್ಟು ಒಳ್ಳೆಯದು ಅನ್ನುವ ಲೆಕ್ಕ.

ಈಗ ನೀನು ಹಣೆ ಚಚ್ಚಿಕೊಂಡಿರುತ್ತೀ, ಗೊತ್ತು. ನನಗೆ ಗೊತ್ತಾಗಿದ್ದು ಮೊದಲ ಅಂಗಿಗೆ ತೋಳು ಕೂಡಿಸುವಾಗ. ಎಡ ತೋಳು ಹಾಯಾಗಿ ಕೂತಿತು. ಇನ್ನೊಂದನ್ನು ಬಲಗಡೆಗೆ ಹಿಡಿದರೆ ಎದೆಯ ಕಡೆ ಬರಬೇಕಾದ ತಗ್ಗು ಬೆನ್ನಿನ ಕಡೆಗೆ ಹೋಗಿದೆ. ಬೇರೊಂದು ತೆಗೆದೆ, ಅದೂ ಹಾಗೇ. ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಎಲ್ಲವೂ ಎಡ ತೋಳು! ಇಡೀ ಗಾಯನ ತಂಡಕ್ಕೆ ಒಂದೇ ಒಂದು ಬಲ ತೋಳಿಲ್ಲ. ಬಟ್ಟೆ ಅಂಗಡಿಗೆ ಫೋನ್ ಮಾಡಿದರೆ ಆ ನೀಲಿ ಮುಗಿದಿದೆ, ಹೊಸ ವರ್ಷ ಕಳೆದ ಮೇಲೆಯೇ ಬರುವುದು ಅಂದರು. ಅಮ್ಮಾ, ಅವತ್ತು ನಾನು ಸತ್ತೇ ಹೋದೆ ಅಂದುಕೊಂಡೆ. ನೀನು ಹೇಳಿದ್ದೇ ಸರಿಯಾಯಿತು, ಅಂಗಡಿ ಮುಗಿಯಿತು ಅನ್ನಿಸಿತು. ಕೆಲಸ ವಾಪಸ್ ತೆಗೆದುಕೊಳ್ಳಿ ಎಂದು ಫಾದರ್‌ಗೆ ಹೇಳಿಬಿಡೋಣ ಎಂದು ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಚರ್ಚಿಗೆ ಓಡಿದೆ.

ಫಾದರ್ ಇರಲಿಲ್ಲ. ಮಧ್ಯಾಹ್ನದ ಹೊತ್ತು, ಬೆಂಚುಗಳೆಲ್ಲ ಖಾಲಿ. ಗಂಟೆ ಬಾರಿಸುವ ತಾತ ಒಬ್ಬನೇ ಕ್ರಿಸ್‌ಮಸ್ ಗೋದಲಿಯಲ್ಲಿ ಬೊಂಬೆಗಳನ್ನು ಜೋಡಿಸುತ್ತಿದ್ದ. ನನ್ನ ಅವತಾರ ನೋಡಿ, "ಯಾಕಮ್ಮಾ ಈ ಓಟ? ಕೂಸು ಇನ್ನೂ ಬಂದಿಲ್ಲ, ಕೂತ್ಕೋ" ಅಂದ. ಕೂತೆ. ಗೋದಲಿಯಲ್ಲಿ ನಿಜವಾಗಿಯೂ ಕೂಸು ಇರಲಿಲ್ಲ, ಬಾಲಯೇಸುವನ್ನು ಇಡುವುದು ಕ್ರಿಸ್‌ಮಸ್ ರಾತ್ರಿಯಲ್ಲವೇ. ಮಾತೆ ಮರಿಯ, ಜೋಸೆಫರು, ಹಸು, ಕತ್ತೆ ಎಲ್ಲರೂ ಬಗ್ಗಿ ಬರೀ ಹುಲ್ಲನ್ನು ನೋಡುತ್ತಿದ್ದರು. ಪ್ರಾರ್ಥನೆ ಮಾಡೋಣ ಎಂದುಕೊಂಡೆ. ನನ್ನ ಪ್ರಾರ್ಥನೆ ನಿನಗೆ ಗೊತ್ತಲ್ಲ, ಗಿರಾಕಿಗಳ ಆರ್ಡರಿನ ಹಾಗೆ: ಇದು ಬೇಕು, ಈ ಅಳತೆಗೆ ಬೇಕು, ಈ ದಿನದೊಳಗೆ ಬೇಕು. ಅವತ್ತು ಏನು ಕೇಳಬೇಕೋ ತಿಳಿಯಲಿಲ್ಲ. "ಸ್ವಾಮೀ, ನನಗೆ ಭಯ ಆಗ್ತಿದೆ" ಅಂದೆ. ಅಷ್ಟೇ. ಆ ಮಾತನ್ನು ನಾನು ನಿನಗೂ ಹೇಳಿರಲಿಲ್ಲ, ದೇವರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅಳು ಬಂತು, ಚೆನ್ನಾಗಿ ಅತ್ತೆ. ತಾತ ನನ್ನ ಕಡೆ ಬೆನ್ನು ಮಾಡಿಕೊಂಡು ಹುಲ್ಲು ಸರಿ ಮಾಡುತ್ತಲೇ ಇದ್ದ, ದೊಡ್ಡ ಮನುಷ್ಯ.

ಆಮೇಲೆ ಗೋದಲಿಯನ್ನೇ ನೋಡುತ್ತಾ ಕೂತೆ. ಆ ಹುಡುಗಿ ಮರಿಯಳಿಗೂ ಯಾವುದು ಅಂದುಕೊಂಡ ಹಾಗೆ ಆಯಿತು? ಊರಲ್ಲದ ಊರು, ತಂಗಲು ಜಾಗವಿಲ್ಲ, ತೊಟ್ಟಿಲಿಲ್ಲ. ಎಲ್ಲ ಸರಿಹೋಗಲಿ, ಆಮೇಲೆ ಬರುತ್ತೇನೆ ಎಂದು ದೇವರು ಕಾಯಲಿಲ್ಲ. ಇದನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಅವತ್ತು ನನಗೆಂದೇ ಹೇಳಿದ ಹಾಗಿತ್ತು. ಎದೆಬಡಿತ ಯಾವಾಗ ಇಳಿಯಿತೋ ಕಾಣೆ, ಕೈ ನೋಡಿಕೊಂಡರೆ ಬೆಚ್ಚಗಿತ್ತು. ತೋಳುಗಳು ಇನ್ನೂ ಎಡವೇ, ಬಟ್ಟೆಯೂ ಇಲ್ಲ, ಕ್ರಿಸ್‌ಮಸ್ ಕತ್ತಿನ ಮೇಲೆ. ಆದರೂ ನನ್ನೊಳಗೆ ಎಷ್ಟು ಶಾಂತಿ ಇತ್ತು ಎಂದರೆ ಅದನ್ನು ಚೆಲ್ಲಿಬಿಟ್ಟೇನೋ ಎಂದು ನಿಧಾನಕ್ಕೆ ನಡೆದುಕೊಂಡು ಅಂಗಡಿಗೆ ಬಂದೆ. ಫಾದರನ್ನು ಕಾಯಬೇಕೆಂದು ನೆನಪೇ ಆಗಲಿಲ್ಲ.

ಬಂದು ಒಂದು ತೋಳನ್ನು ಎತ್ತಿಕೊಂಡು ಸುಮ್ಮನೆ ಮಗುಚಿದೆ. ಮಂಕು ಮುಖ ಮೇಲೆ ಬಂತು, ಎಡ ತೋಳು ಬಲ ತೋಳಾಯಿತು! ಗಾಬರಿಯಲ್ಲಿದ್ದಾಗ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ ನೋಡು. ಆದರೆ ಒಂದು ತೋಳು ಮಿರುಗಿ ಇನ್ನೊಂದು ಮಂಕಾಗಿದ್ದರೆ ಜನ ನಗುತ್ತಾರೆ. ಕಾಲರಿಗೂ ಎದೆಯ ಪಟ್ಟಿಗೂ ಅದೇ ಮಂಕು ಮುಖ ಬಂದರೆ ಬೇಕೆಂದೇ ಮಾಡಿದ ಹಾಗೆ ಇರುತ್ತದೆ. ಅದಕ್ಕೆ ಮತ್ತೆ ಕತ್ತರಿಸಬೇಕು, ಉಳಿದ ಬಟ್ಟೆ ಕರಾರುವಾಕ್ಕಾಗಿ ಅಷ್ಟೇ, ಬೆರಳಗಲ ತಪ್ಪಿದರೂ ಮುಗಿಯಿತು. ಕಾಜಾ ಅಕ್ಕ ನನಗಿಂತ ಮೊದಲು ಕಣ್ಣು ಮುಚ್ಚಿಕೊಂಡಳು. ನಾನು ಬಟ್ಟೆ ಮಡಚಿದೆ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ನಿನ್ನ ದೊಡ್ಡ ಕತ್ತರಿ ತೆಗೆದುಕೊಂಡು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಹೋದೆ. ಕೈ ನಡುಗಲಿಲ್ಲ ಅಮ್ಮಾ! ಕತ್ತರಿಯ ಸದ್ದು ನೀನು ಕತ್ತರಿಸುವಾಗ ಬರುತ್ತಿತ್ತಲ್ಲ, ಹಾಗೇ ಬಂತು.

ಅಂಗಿ ನೋಡಲು ಬಂದ, ಹಾಡು ಕಲಿಸುವ ಕೊಕ್ಕರೆ ಮಾಸ್ತರು (ನೀನಿಟ್ಟ ಹೆಸರು, ಈಗ ಇಡೀ ಗಾಯನ ತಂಡ ಹಾಗೇ ಕರೆಯುತ್ತದೆ) ಕತ್ತು ಉದ್ದ ಮಾಡಿ, "ಇದೇನಮ್ಮಾ, ಒಂದ್ ಕೈ ಒಂಥರಾ, ಇನ್ನೊಂದ್ ಕೈ ಇನ್ನೊಂಥರಾ?" ಅಂದರು. "ತಪ್ಪಾಗಿ ಕಟ್ ಮಾಡ್ದೆ ಮಾಸ್ತರೇ, ಹೀಗೆ ಸರಿ ಮಾಡಿದೀನಿ, ಹಾಕ್ಕೊಂಡು ನೋಡಿ" ಅಂದೆ, ಹಿಂದೆ ಮುಂದೆ ನೋಡಲಿಲ್ಲ. ಅವರು ತೊಟ್ಟುಕೊಂಡು ಕನ್ನಡಿಯ ಮುಂದೆ ತಾಳ ಹಾಕತೊಡಗಿದರು. ಎಡಗೈ ಎತ್ತಿದಾಗ ಮಿಂಚು, ಬಲಗೈ ಎತ್ತಿದಾಗ ನೆರಳು. ಸಾಕು ಎಂದು ನಾನು ಹೇಳುವವರೆಗೆ ನಿಲ್ಲಿಸಲಿಲ್ಲ.

ಕ್ರಿಸ್‌ಮಸ್ ಬೆಳಗ್ಗೆ ತಂಡ ಸಾಲಾಗಿ ಒಳಗೆ ಬಂತು. ಪೂರ್ವದ ಕಿಟಕಿಗಳ ಬಿಸಿಲು ಆ ನೀಲಿಯ ಮೇಲೆ ಬಿತ್ತು. ಎಲ್ಲರೂ ಒಟ್ಟಿಗೆ ಕೈ ಎತ್ತಿ ಹಾಡಿದಾಗ ನನ್ನ ಮುಂದಿನ ಬೆಂಚಿನ ಹೆಂಗಸು ಹಾಡು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದಳು. ನಾನಂತೂ ಜೋರಾಗಿ ಹಾಡಿದೆ, ಶ್ರುತಿ ಎಲ್ಲಿತ್ತೋ ಗೊತ್ತಿಲ್ಲ. ಪೂಜೆ ಮುಗಿದ ಮೇಲೆ ಫಾದರ್, "ಈ ಅಂಗಿಗಳನ್ನ ಮಾಡಿಕೊಟ್ಟ ನಮ್ಮ ದರ್ಜಿಗೆ ವಂದನೆ" ಅಂದರು. ಅಭ್ಯಾಸಬಲ, ನಾನು ಪಕ್ಕಕ್ಕೆ ತಿರುಗಿ ನಿನ್ನನ್ನು ಹುಡುಕಿದೆ. ಎಲ್ಲರೂ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಆಗ ಎದ್ದು ನಿಂತೆ.

ಭಯ ಪೂರ್ತಿ ಹೋಯಿತು ಎಂದು ಸುಳ್ಳು ಬರೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಂದು ಹಣಕಿ ನೋಡುತ್ತದೆ. ಬಂದರೆ ಬಂದಿದೆ ಎಂದು ಸ್ವಾಮಿಗೆ ಹೇಳಿ ಕೆಲಸ ಮುಂದುವರಿಸುತ್ತೇನೆ.

ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳು. ಹುಟ್ಟಿ ಬಂದ ಆ ಕೂಸು ನಿನ್ನ ಸೊಂಟವನ್ನೂ ನಿನ್ನ ನಾಲಗೆಯನ್ನೂ ಕಾಪಾಡಲಿ, ಎರಡೂ ನನಗೆ ಬೇಕು.

ನಿನ್ನ ಮಗಳು,
ಮಿಷನ್ ರಾಣಿ

ಮರೆತಿದ್ದೆ: ನೀನು ಹೇಳಿ ಕಳಿಸಿದ್ದೆಯೆಂದು ಕಟ್ಟಡದ ಮಾಲೀಕರು ಬೀಗದ ಕೈ ಕೇಳಲು ನಿನ್ನೆ ಬಂದಿದ್ದರು. ಆಗ ಮೇಜಿನ ಮೇಲೆ ಒಬ್ಬಳು ಮದುಮಗಳ ಬಿಳಿ ರೇಷ್ಮೆ ಹರಡಿತ್ತು, ಕತ್ತರಿ ಅರ್ಧ ದಾರಿಯಲ್ಲಿತ್ತು. "ಅಂಗಡಿ ಬಿಡಲ್ಲ, ಸ್ವಲ್ಪ ಬೆಳಕು ಬಿಟ್ಟು ನಿಂತ್ಕೊಳಿ" ಅಂದೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಬೈಯುವುದಿದ್ದರೆ ಬೇಗ ಹುಷಾರಾಗಿ ಇಲ್ಲಿಗೇ ಬಂದು ಬೈಯಿ. ಮಿಷನ್ ಖಾಲಿ ಇದೆ, ಇನ್ನು ಮೇಲೆ ನಾನು ಕತ್ತರಿಸಿದ್ದನ್ನು ನೀನು ಹೊಲಿ.