ನಾಲ್ಕನೇ ಮೆಟ್ಟಿಲು

ಖೋರಾ
ಮೇ ೧೪, ಗುರುವಾರ

ಪ್ರೀತಿಯ ಅರ್ಗಿರೋ ಅಕ್ಕಾ,

ನಿನ್ನ ಕಾಗದ ಈಸ್ಟರ್ ವಾರದಲ್ಲೇ ಕೈ ಸೇರಿತು. ಉತ್ತರ ಬರೆಯಲು ಒಂದು ತಿಂಗಳು ತೆಗೆದುಕೊಂಡಿದ್ದೇನೆ, ಬೈದುಕೋ. ಒಂಬತ್ತು ವರ್ಷ ನನ್ನ ಹೆಸರಿನ ಸಂತಳ ಹಬ್ಬಕ್ಕೆ ಎರಡು ಸಾಲಿನ ಕಾರ್ಡು ಬಿಟ್ಟು ಬೇರೇನೂ ಕಳಿಸದವಳು ಇದ್ದಕ್ಕಿದ್ದಂತೆ ನಾಲ್ಕು ಪುಟ ಬರೆದಿದ್ದೀಯ. ಆಗಸ್ಟಿನಲ್ಲಿ ಇಲೀರ್ ಮತ್ತು ಮಗಳು ಎರಾ ಜೊತೆ ಪ್ರವಾಸಿಗರ ಹಾಗೆ ಬಂದು ಹೋಗುತ್ತೀಯಂತೆ, ಅಪ್ಪನಿಗೆ ತಿಳಿಯಬಾರದಂತೆ, ಕಳಿಸಿದ ಮೂರು ಚಿತ್ರಗಳಲ್ಲಿ ಯಾವ ಜಾಗ ಒಳ್ಳೆಯದೆಂದು ನಾನು ಹೇಳಬೇಕಂತೆ. ನೋಡದೆ ಹೇಗೆ ಹೇಳಲಿ? ಮೂರೂ ಕಡೆ ಒಂದೊಂದು ರಾತ್ರಿ ಮಲಗಿ ಎದ್ದು ಬಂದು ಈಗ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟು ಮೂರು ವರ್ಷವಾಯಿತು. ಬೆಂಚಿನ ಮೇಲೆ ಕೂತರೆ ನನ್ನ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಬೇಕರಿಯಲ್ಲಿ ಹಿಟ್ಟು ನಾದಿದೆ, ಹಡಗಿನ ಹಗ್ಗ ಹಿಡಿದೆ, ಈಗ ಮರಿಗೋ ಅತ್ತೆಯ ಜೊತೆ ಬಾಡಿಗೆ ಕೋಣೆಗಳ ಕೆಲಸ. ಹಡಗು ಬಂದಾಗಲೆಲ್ಲ "ಕೋಣೆಗಳಿವೆ" ಎಂಬ ಹಲಗೆ ಹಿಡಿದು ಕಟ್ಟೆಯ ಮೇಲೆ ನಿಲ್ಲುತ್ತೇನೆ. ಮೊನ್ನೆ ಗಂಡ ಹೆಂಡತಿ ಇಬ್ಬರು "ಗಾಳಿ ಜಾಸ್ತಿನಾ?" ಎಂದು ಕೇಳಿದರು. "ಆಗಸ್ಟಲ್ಲಿ ಕುರ್ಚಿ ಹಾರಿಹೋಗುತ್ತೆ" ಎಂದೆ. ಅವರು ಪಕ್ಕದ ಹಲಗೆಯವನ ಹಿಂದೆ ಹೋದರು. ಅತ್ತೆ ಬಂದರಿನಿಂದ ಮನೆಯವರೆಗೂ ಬೈದಳು: "ನಿನ್ನ ಬಾಯಿಗೆ ಬೀಗ ಜಡಿದು ಕೀಲಿಕೈನ ಸಮುದ್ರಕ್ಕೆ ಎಸೀಬೇಕು ಕಣೇ! ಗಾಳಿ ಇದೆ ಅನ್ನೋದನ್ನ ಅವರೇ ಬಂದು ಕಂಡ್ಕೊಳ್ತಿರಲಿಲ್ವಾ?"

ಇರಲಿ. ಮೊದಲನೆಯದು ಬಂದರಿನ ಹೋಟೆಲು. ಚಿತ್ರದಲ್ಲಿ ಈಜುಕೊಳ ಕೆರೆಯಷ್ಟು ಕಾಣುತ್ತದೆ, ಅಲ್ಲವೇ? ಅಳೆದೆ, ಹನ್ನೊಂದು ಹೆಜ್ಜೆ. ಮಾಲೀಕ ಫ್ರಾಗಿಸ್ಕೋಸ್ "ಏನೇ, ನನ್ನ ಕೊಳಕ್ಕೆ ಹೆಣದ ಪೆಟ್ಟಿಗೆ ಮಾಡಿಸ್ತೀಯಾ?" ಎಂದು ಮಹಡಿಯಿಂದಲೇ ಕೂಗಿದ. ಹಾಸಿಗೆ ಮೆತ್ತಗಿದೆ. ಬೆಳಗಿನ ಐದಕ್ಕೆ ಹಡಗು ಲಂಗರು ಬಿಡುವ ಸರಪಳಿಯ ಸದ್ದು ನೇರ ದಿಂಬಿನೊಳಗೆ ಬರುತ್ತದೆ. ನನಗೆ ಆ ಸದ್ದು ಇಷ್ಟ. ಎರಾಗೆ ಹೇಗೋ? ಅವಳು ಎಂಥ ಮಗು, ಅಕ್ಕಾ? ನಿದ್ದೆಯಲ್ಲಿ ಒದೆಯುತ್ತಾಳಾ? ನಿನ್ನ ಹಾಗೆ ಅಂಜೂರದ ಸಿಪ್ಪೆ ಬಿಡಿಸದೆ ತಿನ್ನುತ್ತಾಳಾ? ಎಲ್ಲ ಬರೆ. ಆದರೆ ಅಡಗಿಕೊಳ್ಳಲು ಆ ಹೋಟೆಲು ಆಗದು. ಎದುರಿನ ಕಾಫಿ ಅಂಗಡಿಯಲ್ಲಿ ಅಪ್ಪ ದಿನಾ ಸಂಜೆ ತಾವ್ಲಿ ಪಗಡೆ ಆಡುತ್ತಾ ದಾಳ ಕುಟ್ಟುತ್ತಿರುತ್ತಾನೆ.

ಎರಡನೆಯದು ದಕ್ಷಿಣದ ಕೊಲ್ಲಿಯಲ್ಲಿ ಲೆಮೊನ್ಯಾ ಮುದುಕಿಯ ಕೋಣೆಗಳು. ಅಲ್ಲಿಗೆ ಉತ್ತರದ ಗಾಳಿ ಮುಟ್ಟುವುದಿಲ್ಲ. ಮೂವತ್ತು ಹೆಜ್ಜೆಯವರೆಗೆ ನೀರು ಎರಾಳ ಸೊಂಟ ದಾಟದು. ಕೆಟ್ಟದ್ದೂ ಹೇಳಬೇಕು: ಬಸ್ಸು ದಿನಕ್ಕೆ ಎರಡೇ ಸಲ, ಮಧ್ಯಾಹ್ನ ನಲ್ಲಿ ನಿಲ್ಲುತ್ತದೆ, ಹಗ್ಗಕ್ಕೆ ಹಾಕಿದ್ದ ನನ್ನ ಟವೆಲಿನ ಅರ್ಧ ಮೇಕೆಯ ಹೊಟ್ಟೆ ಸೇರಿತು. ಎಲ್ಲಕ್ಕಿಂತ ಕೆಟ್ಟದ್ದು ಲೆಮೊನ್ಯಾಳ ಕುತೂಹಲ.

"ಯಾರಿಗೇ ಕೋಣೆ ನೋಡ್ತಿರೋದು?" ಎಂದಳು.

"ಹೇಳಲ್ಲ ಅಜ್ಜಿ."

"ಹಾಗಾದ್ರೆ ಅರ್ಗಿರೋಗೆ," ಎಂದು ಮತ್ತೆ ಹುರುಳಿಕಾಯಿ ಮುರಿಯತೊಡಗಿದಳು.

ಮೂರನೆಯ ಚಿತ್ರದ ವಿಷಯಕ್ಕೆ ಬರುತ್ತೇನೆ. ಬಿಳಿ ಗೋಡೆ, ಹಸಿರು ಬಾಗಿಲು, ಸಮುದ್ರದ ಕಡೆ ಬಾಲ್ಕನಿ. "ಇದೇ ನನಗೆ ಹೆಚ್ಚು ಹಿಡಿಸಿದೆ, ಯಾರದೋ ಗೊತ್ತಿಲ್ಲ" ಎಂದು ಬರೆದಿದ್ದೀಯ. ಅಕ್ಕಾ, ಅದು ನಿನ್ನದೇ. ನಿನ್ನ ಮದುವೆಗೆಂದು ಅಪ್ಪ ನಮ್ಮ ಮನೆಯ ಮೇಲೆ ಕಟ್ಟಿಸುತ್ತಿದ್ದ ಮಹಡಿ ಅದು. ನೀನು ಹೋದಾಗ ನಾಲ್ಕು ಕಂಬ, ಮೆಟ್ಟಿಲು, ಆಕಾಶಕ್ಕೆ ಚಾಚಿದ ಕಬ್ಬಿಣದ ಸರಳು ಮಾತ್ರ ಇದ್ದವು. ದೊಡ್ಡ ಮಗಳಿಗೆ ಮನೆ ಕಟ್ಟಿಸದ ಅಪ್ಪ ಈ ದ್ವೀಪದಲ್ಲಿ ತಲೆ ಎತ್ತಿ ತಿರುಗುವುದುಂಟೇ? ನೀನಿಲ್ಲದಿದ್ದರೂ ಕಟ್ಟಿ ಮುಗಿಸಿದ. ಎರಡು ವರ್ಷ ಖಾಲಿ ಬಿದ್ದಿತ್ತು. ಆಮೇಲೆ ಅತ್ತೆ ತನ್ನ ಹೆಸರಿನಲ್ಲಿ ಬಾಡಿಗೆಗೆ ಹಾಕಿದಳು. ಚಿತ್ರ ತೆಗೆದವನು ಬಾಗಿಲ ಮೂಲೆಯಲ್ಲಿ ನಿಂತಿದ್ದರಿಂದ ಚರ್ಚಿನ ಗಂಟೆ ಮರೆಯಾಗಿದೆ. ಅದಕ್ಕೇ ನಿನಗೆ ಗುರುತು ಸಿಗಲಿಲ್ಲವೋ, ಗುರುತು ಹಿಡಿದೇ ಕಳಿಸಿದೆಯೋ? ತಿಂಗಳಿಂದ ಇದೇ ನನ್ನ ತಲೆ ತಿನ್ನುತ್ತಿದೆ. ನಂಬಿಕೆ ಬಾರದಿದ್ದರೆ ಇಲೀರ್‌ನನ್ನು ಕೇಳು. ಕೂಲಿಗೆ ಬಂದು ಆ ಮೆಟ್ಟಿಲು ಕಟ್ಟಿದವನು ಅವನೇ ತಾನೇ? ನಾಲ್ಕನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರ. ನೀನು ಕೆಳಗೆ ನಿಂತು ಅವನನ್ನು ನಗಿಸುತ್ತಿದ್ದಾಗ ಅಳತೆ ತಪ್ಪಿತ್ತು, ನಾನು ನೋಡಿದ್ದೇನೆ. ಬಂದವರೆಲ್ಲ ಅಲ್ಲಿ ಎಡವುತ್ತಾರೆ. ಅತ್ತೆ ಒಮ್ಮೆ ಗಾರೆಯವನನ್ನು ಕರೆತಂದಳು. ಅಪ್ಪ "ಮುಟ್ಬೇಡ. ಎಡವೋರು ನೋಡ್ಕೊಂಡು ಹತ್ತಲಿ" ಎಂದು ಅವನನ್ನು ವಾಪಸ್ಸು ಕಳಿಸಿದ.

ಈಗ ನಿನಗೆ ಸಿಟ್ಟು ಬರುವ ಸುದ್ದಿ. ಲೆಮೊನ್ಯಾ ಬೇಕರಿಯಲ್ಲಿ ಬಾಯಿ ಬಿಟ್ಟಿದ್ದಾಳೆ. ಶನಿವಾರ ಬಲೆ ಬಿಡಿಸುತ್ತಾ ಅಪ್ಪ, "ನಿಮ್ಮಕ್ಕ ಬರ್ತಾಳಂತೆ?" ಎಂದ. ನೀನು ಹೇಳಬೇಡ ಎಂದಿದ್ದೆ. ನಾನು "ಹೌದು" ಎಂದೆ.

ಅವನು ಬಲೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನೆರಡು ಗಂಟು ಬಿಡಿಸಿ "ಮಗೂಗೆ ಎಷ್ಟು ವರ್ಷ?" ಎಂದ.

"ಆರು."

"ಎತ್ತರನಾ?"

"ನಂಗೇನ್ ಗೊತ್ತಪ್ಪಾ, ನಾನೇನ್ ನೋಡಿದೀನಾ?"

ಎದ್ದು ಮಹಡಿ ಹತ್ತಿದ. ಬಾಲ್ಕನಿಯ ಕಂಬಿಗಳ ನಡುವೆ ಕೈ ತೂರಿಸಿದ. ಆಮೇಲೆ ಮೊಣಕಾಲೂರಿ ಕೂತು ತಲೆಯನ್ನೇ ತೂರಿಸಿ ನೋಡಿದ. ಸೋಮವಾರ ತಂತಿಬಲೆ ತಂದು ಕೆಳಗಿನ ಅರ್ಧಕ್ಕೆ ಬಿಗಿದ. ಮನೆಗೆ ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಇಲೀರ್‌ನ ಹೆಸರು ಈಗಲೂ ಅವನ ಬಾಯಲ್ಲಿ ಬರುವುದಿಲ್ಲ. ಇದರ ಅರ್ಥವೇನೆಂದು ನಾನು ಹೇಳಲಾರೆ, ಕಂಡದ್ದನ್ನು ಬರೆದಿದ್ದೇನೆ.

ನನ್ನನ್ನು ಕೇಳಿದರೆ ಮೂರನೆಯದೇ. ಗಾಳಿ ಜಾಸ್ತಿ, ಚರ್ಚಿನ ಗಂಟೆ ಏಳಕ್ಕೆ ಎಬ್ಬಿಸುತ್ತದೆ, ಕೆಳಗಡೆ ಒಬ್ಬ ಹಟಮಾರಿ ಮುದುಕನಿದ್ದಾನೆ. ಆದರೂ ಅಲ್ಲಿ ಮಲಗಿದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಆಗಸ್ಟ್ ಐದರಿಂದ ಇಪ್ಪತ್ತರವರೆಗೆ ಯಾರಿಗೂ ಕೊಡಬೇಡ ಎಂದು ಅತ್ತೆಗೆ ಹೇಳಿದ್ದೇನೆ. ಯಾರಿಗೆಂದು ಕೇಳದೆ ಅವಳು ಕ್ಯಾಲೆಂಡರಿನಲ್ಲಿ ಗೆರೆ ಎಳೆದಳು.

ಎರಾಳ ಎರಡೂ ಕೆನ್ನೆಗೆ ಮುತ್ತು. ದೇವಮಾತೆ ನಿಮ್ಮ ಮೂವರ ದಾರಿಯನ್ನೂ ಕಾಯಲಿ, ಸಮುದ್ರ ನಿಮಗೆ ಮೆದುವಾಗಿರಲಿ.

ನಿನ್ನ ತಂಗಿ,
ಅನ್ನೆಜೊ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮರಿಗೋ ಅತ್ತೆಯ ಮುಖ ನೋಡಲಾರೆ, ಅವತ್ತು ಅಪ್ಪನಿಗೆ ಹೇಳಿಕೊಟ್ಟವಳು ಅವಳೇ ಎಂದು ಬರೆದಿದ್ದೀಯ. ಅತ್ತೆಗೆ ಏನೂ ಗೊತ್ತಿರಲಿಲ್ಲ. ಹೇಳಿದವಳು ನಾನು. ಅಮ್ಮ ಹೋದ ಮೇಲೆ ದಿನಾ ಜಡೆ ಹಾಕುತ್ತಿದ್ದ ನೀನು ಆ ಬೆಳಿಗ್ಗೆಯೂ ಜಡೆ ಹಾಕಿ, "ಯಾರಿಗೂ ಹೇಳ್ಬೇಡ ಪುಟ್ಟಿ" ಎಂದು ಹೋದೆ. ಅಪ್ಪ ಬಂದು "ಅಕ್ಕ ಎಲ್ಲಿ?" ಎಂದ. "ಇಲೀರ್ ಜೊತೆ ಒಂಬತ್ತರ ಹಡಗಿಗೆ" ಎಂದೆ. ಕೇಳಿದ, ಹೇಳಿದೆ, ಅಷ್ಟೇ. ಅವನು ಚಪ್ಪಲಿ ಕೂಡ ಮೆಟ್ಟದೆ ಓಡಿದ. ಊರೆಲ್ಲ ನೋಡುತ್ತಿರುವಂತೆ ನಿನ್ನ ಚೀಲವನ್ನು ಕಟ್ಟೆಯಿಂದ ನೀರಿಗೆ ಎಸೆದ. ನಿನ್ನ ಬಟ್ಟೆಗಳು ತೇಲುವುದನ್ನು ಮಹಡಿಯ ಕಂಬ ಹಿಡಿದುಕೊಂಡು ನೋಡಿದೆ. ಊರು ಅತ್ತೆಯ ಮೇಲೆ ಹೊರಿಸಿತು. ಒಂಬತ್ತು ವರ್ಷ ನಾನು ಸುಮ್ಮನಿದ್ದೆ. ನಾನು ಹೇಳಿದ ಸುಳ್ಳು ಅದೊಂದೇ, ಅದನ್ನೂ ಬಾಯಿ ಬಿಡದೆ ಹೇಳಿದೆ. ಈ ಸಲವೂ ಹೇಳಿದವಳು ನಾನೇ.

ಇದು ತಿಳಿದ ಮೇಲೆ ಎಲ್ಲಿ ಉಳಿಯಬೇಕೆಂದು ನೀನೇ ನಿರ್ಧರಿಸು. ಐದನೇ ತಾರೀಕು ಹಲಗೆ ಹಿಡಿದು ಕಟ್ಟೆಯ ಮೇಲೆ ನಿಂತಿರುತ್ತೇನೆ. ನನ್ನನ್ನು ದಾಟಿ ಫ್ರಾಗಿಸ್ಕೋಸ್‌ನ ಹಿಂದೆ ಹೋದರೂ ನಾನು ಕೂಗಿ ಕರೆಯುವುದಿಲ್ಲ. ನನ್ನ ಹತ್ತಿರ ಬರುವುದಾದರೆ ಮಾತ್ರ, ನಾಲ್ಕನೇ ಮೆಟ್ಟಿಲಿನ ವಿಷಯ ಎರಾಗೆ ಹಡಗಿನಲ್ಲೇ ಹೇಳಿಟ್ಟಿರು.