ಹತ್ತಕ್ಕೆ ಎಷ್ಟು ನೋವು

ಮಾರ್ಚ್ 3
ಯಾರದು ಓದುತ್ತಿರುವುದು? ಮುಚ್ಚಿಡು. ಹೆತ್ತವರು ಬುದ್ಧಿ ಕಲಿಸಲಿಲ್ಲವೆ? ಇದು ನನ್ನ ನೋವಿನ ಪುಸ್ತಕ, ಮೂಳೆ ಡಾಕ್ಟರು ಬರೆಯಲು ಹೇಳಿದ್ದು. ಮೆಟ್ಟಿಲಿಂದ ಬಿದ್ದು ಎಡ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿ ಮೂರು ವಾರ. ಮೂಳೆ ಕೂಡಿದೆಯಂತೆ. ಉರಿ ಮಾತ್ರ ಆರಿಲ್ಲ. "ದಿನಾ ಹತ್ತಕ್ಕೆ ಎಷ್ಟು ಅಂತ ಬರೀರಿ ಅಜ್ಜಿ" ಅಂದರು. ಇವತ್ತು ನರಳಿದೆ, ಅಳಲಿಲ್ಲ. ಐದು.

ಮಾರ್ಚ್ 11
ಹೊದಿಕೆಯ ಅಂಚು ತಾಗಿದರೂ ಕೆಂಡ ಇಟ್ಟಂತೆ. ಬೆರಳು ಊದಿ ಮಿರಮಿರ ಹೊಳೆಯುತ್ತಿವೆ. ಆದರೂ ಟೈಲರ್ ಅಂಗಡಿಗೆ ಕೆಲಸಕ್ಕೆ ಹೋದೆ. ಕಾಜಾ ಹೊಲಿಯುವಾಗ ಬಟ್ಟೆ ಹಿಡಿಯುವುದು ಎಡಗೈಯೇ. ಒಂದೂ ಮುಗಿಯಲಿಲ್ಲ. ಎಲ್ಲರೆದುರು ಕಣ್ಣೀರು... ಎರಡು.

ಮಾರ್ಚ್ 12
ಸೊಸೆ: "ಮೂಳೆ ಕೂಡಿದ್ಮೇಲೆ ಎಂಥಾ ನೋವು ಅತ್ತೆ? ಪಾತ್ರೆ ತೊಳೆಯೋಕೆ ಬೇಜಾರು ಅನ್ನಿ."
"ನಿನ್ನ ನಾಲಿಗೆಗೂ ಒಂದು ಪ್ಲಾಸ್ಟರ್ ಹಾಕಿಸ್ಬೇಕು ಕಣೇ!"
ಒಳಗೆ ಹೋಗಿ, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತುಬಿಟ್ಟೆ. ಒಂದು.

ಏಪ್ರಿಲ್ 4
ಡಾಕ್ಟರು ಪುಸ್ತಕ ತಿರುವಿದರು. "ಐದು, ಎರಡು, ಒಂದು... ಭೇಷ್ ಅಜ್ಜಿ! ಇನ್ನು ಬರೋದು ಬೇಡ." ಕೈ ಮುಟ್ಟಿಯೂ ನೋಡಲಿಲ್ಲ. ಒಂದು ತೆಗೆದವಳಿಗೆ ಭೇಷ್ ಅನ್ನುವವರನ್ನು ಇವತ್ತೇ ಕಂಡದ್ದು. ಮುದುಕಿಯೆಂಬ ಕರುಣೆ ಇರಬೇಕು.

ಆಗಸ್ಟ್ 19
ಬೆರಳು ಕೊಕ್ಕೆಯಾಗಿವೆ. ಟೈಲರ್ ನನ್ನ ಸ್ಟೂಲನ್ನು ಬೇರೊಬ್ಬಳಿಗೆ ಕೊಟ್ಟ. ಕೊನೆಗೆ ಸೊಸೆಯೇ ಬೇರೆ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಎರಡೂ ಕೈ ಮೇಜಿನ ಮೇಲೆ ಇಡಿಸಿದರು. ಬಣ್ಣ, ಬಿಸಿ, ಬೆವರು, ಊತ — ಬಲಗೈಗೆ ಎಡಗೈಯನ್ನು ಹೋಲಿಸಿ ನೋಡಿದರು. ಹತ್ತಿ ಸವರಿದ್ದಕ್ಕೇ ಕಿರುಚಿದೆ. ಪೆಟ್ಟು ಮಾಗಿದರೂ ನರಗಳು ಸುಮ್ಮನಾಗದ ಕಾಯಿಲೆಯಂತೆ. ಮಾರುದ್ದದ ಇಂಗ್ಲಿಷ್ ಹೆಸರು; ಚಿಕ್ಕದಾಗಿ ಸಿಆರ್‌ಪಿಎಸ್.
"ಆದ್ರೆ ನೋವು ಒಂದಕ್ಕೆ ಇಳಿದಿತ್ತಲ್ಲ ಅಜ್ಜಿ, ನೀವೇ ಬರೆದಿದ್ದೀರಿ?"
"ಅದು ನಾನು ತಡ್ಕೊಂಡಿದ್ದಕ್ಕೆ ಮಾರ್ಕ್ಸು ತಾಯಿ. ಅತ್ತ ದಿನ ಹತ್ತು ಹೇಗೆ ಕೊಟ್ಕೊಳ್ಲಿ?"
ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆಗ್ಲೇ ಬಂದಿದ್ರೆ..." ಅಂದವರು ನನ್ನನ್ನು ಹೊರಗೆ ಕೂರಿಸಿ ಸೊಸೆಯೊಬ್ಬಳ ಜೊತೆ ಮಾತಾಡಿದರು. ಬಹಳ ಹೊತ್ತು.
ಹೊರಗೆ ಬಂದಳು. "ಸರಿಹೋಗುತ್ತೆ ಅತ್ತೆ. ಪಾತ್ರೆ ನಾನು ತೊಳೀತೀನಿ."
ಇಷ್ಟು ಮೆತ್ತಗೆ ಅವಳು ಮಾತಾಡಿದ್ದು ಇದೇ ಮೊದಲು. ಅದಕ್ಕೇ ಭಯವಾಯಿತು.

ಆಗಸ್ಟ್ 27
ಕದ್ದು ಓದುವವಳು ನೀನೇ ಅಂತ ಗೊತ್ತು ಕಣೇ. ಡಾಕ್ಟರಮ್ಮ ಒಳಗೆ ಏನಂದರು? ಈ ಕೈ ಇನ್ನು ಬಟ್ಟೆ ಹಿಡಿಯುತ್ತದೋ ಇಲ್ಲವೋ? ಮುಖ ನೋಡಿ ಹೇಳಲಾಗದಿದ್ದರೆ ಇದರ ಕೆಳಗೇ ಬರೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ. ನನ್ನನ್ನು ಸಮಾಧಾನ ಮಾಡಲು ಹೋಗಿ ಸುಳ್ಳು ಬರೆದೆಯೋ —