ಮಾಳವ್ವನ ಹದಿನಾಲ್ಕು ಚಿತ್ರಗಳು

೯-೧-೨೦೨೫, ಬೆಳಿಗ್ಗೆ ೭

ಎಂದಿನಂತೆ ಕ್ಯಾಮೆರಾ ಒರೆಸಿಟ್ಟೆ. ಲೆನ್ಸಿನ ಆಟೋಫೋಕಸ್ ಕೆಟ್ಟು ಎರಡು ವರ್ಷ, ಫೋಕಸ್ ಕೈಯಿಂದಲೇ. ಅದೇ ಸರಿ. ನಿನ್ನೆ ಸ್ಟುಡಿಯೋದ ರಫೀಕ — ಹಿಂದೆ ನಾಲ್ಕನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು — ಉಪದೇಶಕ್ಕೆ ನಿಂತ.

"ಅಕ್ಕಾರ, ಕಣ್ಣಿನ ಆಪರೇಶನ್ ಆದ ಮ್ಯಾಲ ನಂಬರ್ ಬದಲಾಗಿರತೈತ್ರಿ. ಚಸ್ಮಾ ಹಾಕ್ಕೊಂಡ ನೋಡ್ರಿ. ಕ್ಯಾಮೆರಾದಾಗ ಕಣ್ಣಿಟ್ಟು ನೋಡೂ ಕಿಂಡಿ ಬಾಜೂಕಿನ ಸಣ್ಣ ಗಾಲಿ ತಿರುವ್ರಿ."

ಕನ್ನಡಕದ ಗಾಜು ಕಿಂಡಿಗೆ ತಾಗಿದರೆ ಗೀರು ಬೀಳುತ್ತದೆ. ಚಿತ್ರದ ಅಂಚೂ ಕಾಣುವುದಿಲ್ಲ. ಕಳಚಿಯೇ ತೆಗೆಯುವುದು ನನ್ನ ಪದ್ಧತಿ. ಗಾಲಿಯನ್ನು ಹಿಂದೆಯೇ ನನ್ನ ಬರಿಗಣ್ಣಿಗೆ ಹೊಂದಿಸಿಟ್ಟಿದ್ದೇನೆ.

"ನಿನಗ ಮಗ್ಗಿ ಕಲಿಸಿದಾಕಿ ನಾನು" ಎಂದೆ.

"ಖರೆ ಅಕ್ಕಾರ, ಹದಿಮೂರರದು ಇನ್ನೂ ಬರಂಗಿಲ್ಲ" ಎಂದು ನಕ್ಕ.

೧೩-೧, ಸಂಜೆ

ಮಾಳವ್ವ ಬಂದಿದ್ದಳು. ಹದಿನೈದು ವರ್ಷ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡಿದವಳು. ಒಸಡಿನ ಹುಣ್ಣು ಕ್ಯಾನ್ಸರ್ ಎಂದಾಗಿದೆ. ಇಪ್ಪತ್ತರಂದು ಹುಬ್ಬಳ್ಳಿಯಲ್ಲಿ ಆಪರೇಶನ್; ಎಡದವಡೆ ತೆಗೆಯುತ್ತಾರೆ.

"ಹಲ್ಲು ಉಬ್ಬು ಅಂತ ನಾಚಿಕಿರಿ. ಮನಿಯಾಗಿನ ಎಲ್ಲಾ ಫೋಟೋದಾಗೂ ಬಾಯಿಗೆ ಸೆರಗ ಹಿಡದೇನಿ. ಈ ಮುಖ ಹೋಗೂದರೊಳಗ ಒಂದ ತಗದಕೊಡ್ರಿ ಅಕ್ಕಾರ. ನಿಮ್ಮ ಮುಂದಾದ್ರ ಸೆರಗ ತಗೀತೀನಿ."

"ಆಧಾರ್ ಕಾರ್ಡಿನ್ಯಾಗ ಐತೆಲ್ಲ?"

"ಅದರಾಗ ಕಳ್ಳಿ ಕಂಡಂಗ ಕಾಣ್ತೀನ್ರಿ!"

೧೫-೧

ಮಾಳವ್ವನ ಊರು ಬಿಂಕದಕಟ್ಟಿ, ಅವಳ ಮನೆಯ ಹಿತ್ತಲು. ಮೊಮ್ಮಕ್ಕಳನ್ನೆಲ್ಲ ಹೊರಗೆ ಕಳುಹಿಸಿದಳು. ಗೋಡೆಗೆ ಬೆನ್ನಾಗಿ ಕುಳಿತಳು. ಕನ್ನಡಕ ಕಳಚಿ, ಲೆನ್ಸಿನ ಉಂಗುರ ತಿರುಗಿಸಿ ಫೋಕಸ್ ಮಾಡಿದೆ. ಹದಿನಾಲ್ಕು ಚಿತ್ರ. ಕೊನೆಯ ನಾಲ್ಕರಲ್ಲಿ ಬಾಯಿ ತುಂಬ ನಕ್ಕಳು.

ಸೊಸೆ ಅನ್ನಪೂರ್ಣ ಬಾಗಿಲಲ್ಲಿ ನಿಂತು, "ನಾನೂ ಫೋನಿನ್ಯಾಗ ಒಂದ ಹೊಡೀಲೇನ್ರಿ?" ಎಂದಳು. ಬೇಡವೆಂದೆ.

"ಬಂದಾವೇನ್ರಿ?" — ಮಾಳವ್ವ.

"ನಾನು ತಗದ ಮ್ಯಾಲ ಬರದ ಏನ್ ಮಾಡ್ತಾವ?"

೧೧-೨

ಮಾಳವ್ವ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಮಾತು ಕಷ್ಟವಂತೆ. ಫೋಟೋ ಕೇಳಿ ಕಳುಹಿಸಿದಳು. ಪ್ರಿಂಟ್ ಹಾಕಿಸಲು ರಫೀಕನಲ್ಲಿಗೆ ಹೋದೆ. ದೊಡ್ಡ ಪರದೆಯ ಮೇಲೆ ಒಂದೊಂದನ್ನೇ ಹಿಗ್ಗಿಸಿದ. ಕನ್ನಡಕ ಹಾಕಿಕೊಂಡೆ.

ಗೋಡೆಯ ಸುಣ್ಣದ ಬಿರುಕುಗಳು ಎಣಿಸುವಷ್ಟು ನಿಚ್ಚಳ. ಮುಖ ಮಾತ್ರ — ಹೊಗೆ. ಹದಿನಾಲ್ಕರಲ್ಲೂ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಂಡಿತ್ತು.

"ಕಂಪ್ಯೂಟರಿನ್ಯಾಗ ಸರಿ ಮಾಡಾಕ ಬರತೈತೇನೋ?"

"ಬ್ಯಾರೆ ಯಾರದೋ ಮುಖ ಆಗತೈತ್ರಿ ಅಕ್ಕಾರ. ಆಕಿದು ಆಗಂಗಿಲ್ಲ."

ಅಣಕಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅಣಕಿಸಲಿಲ್ಲ. ಕುರ್ಚಿ ಎಳೆದು ಕೂರಿಸಿ ಗಾಲಿ ತೋರಿಸಿದ; ಅದು ಇನ್ನೂ ಆಪರೇಶನ್ನಿಗೆ ಮೊದಲಿನ ಕಣ್ಣಿಗೇ ಹೊಂದಿಕೊಂಡಿತ್ತು. ಕನ್ನಡಕ ಹಾಕಿಕೊಂಡೇ ತಿರುಗಿಸಬೇಕು. ಎದುರಿನ ಮನುಷ್ಯರನ್ನು ನೋಡಬಾರದು; ಕಿಂಡಿಯೊಳಗೆ ಕೆಳಸಾಲಿನಲ್ಲಿ ಬೆಳಗುವ ಅಂಕಿಗಳನ್ನು ನೋಡಬೇಕು. ಅವು ನಿಚ್ಚಳವಾದ ಮೇಲೆಯೇ ಉಂಗುರ, ಆಮೇಲೆ ಮುಖ. ಐದು ನಿಮಿಷದ ಪಾಠ.

೧೨-೨

ಮಾಳವ್ವನ ಮನೆಗೆ ಹೋಗಲಿಲ್ಲ. ಜ್ವರವೆಂದು ಹೇಳಿ ಕಳುಹಿಸಿದೆ. ಜ್ವರವಿಲ್ಲ.

೧೯-೨, ಮಧ್ಯಾಹ್ನ

ಹೋದೆ. ನಿಂತುಕೊಂಡೇ ಹೇಳಿದೆ. ತಪ್ಪು ನನ್ನದು, ಯಂತ್ರದ್ದಲ್ಲ. ಮೊದಲೇ ಒಬ್ಬನು ತಿಳಿಸಿ ಹೇಳಿದ್ದ, ಕೇಳಲಿಲ್ಲ.

"ನಾ ಹೊಡೀತೀನಿ ಅಂದಿದ್ನೆಲ್ರಿ..." ಎಂದಳು ಅನ್ನಪೂರ್ಣ. ಒಳಗೆ ಹೋದಳು.

ಮಾಳವ್ವ ನೆಲ ನೋಡುತ್ತಿದ್ದಳು. ಸೆರಗು ಕಣ್ಣಿನವರೆಗೂ ಇತ್ತು. ಆಮೇಲೆ ಒಂದೊಂದೇ ಶಬ್ದ ಜೋಡಿಸಿ —

"ಕ್ಯಾಮೆರಾ... ತಂದೀರೇನ್ರಿ?"

ಚೀಲದಲ್ಲಿತ್ತು. ಏಕೆ ಒಯ್ದಿದ್ದೆನೋ ತಿಳಿಯದು.

"ಹಂಗಾರ... ಇದನ್ನರ... ಛಲೋ ತಗೀರಿ."

ಸೆರಗು ತಾನೇ ಸರಿಸಿದಳು. ಕನ್ನಡಕ ಕಳಚಲಿಲ್ಲ ನಾನು. ಗಾಲಿ ತಿರುಗಿಸಿದೆ; ಅಂಕಿಗಳು ನಿಂತವು. ಅನಂತರ ಉಂಗುರ. ಎಡಗಡೆ ಹೊಲಿಗೆಯ ಸಾಲು. ಅದರ ಕೆಳಗೆ, ಗಲ್ಲವಿದ್ದಲ್ಲಿ, ತಗ್ಗು. ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಎಲ್ಲವೂ ನಿಚ್ಚಳವಾಗಿತ್ತು. ಅವಳು ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು; ಸೆರಗು ಮತ್ತೆ ಬಾಯಿಗೆ ಹೋಗಲಿಲ್ಲ. ಗುಂಡಿ ಒತ್ತಿದೆ.